ನದಿಯಿಲ್ಲದ ಊರಿನ ಬೇಸಿಗೆ

ಸಿಯೆನಾಕ್ಕೆ ನದಿಯಿಲ್ಲ. ಫ್ಲಾರೆನ್ಸಿಗೆ ಆರ್ನೊ ಇದೆ, ರೋಮಿಗೆ ಟೈಬರ್ ಇದೆ, ವೆನಿಸ್ ಅಂತೂ ನಿಂತಿರುವುದೇ ನೀರಿನ ಮೇಲೆ. ಇಟಲಿಯ ಟಸ್ಕನಿಯಲ್ಲಿ ಮೂರು ದಿಬ್ಬಗಳ ನೆತ್ತಿಯ ಮೇಲೆ ಹರಡಿಕೊಂಡಿರುವ ಸಿಯೆನಾದವರು ಮಾತ್ರ ಕುಡಿಯುವ ನೀರಿಗೆ ನೆಲ ಬಗೆಯಬೇಕಾಯಿತು. ಊರಿನ ಅಡಿಯಲ್ಲಿ ಎಲ್ಲೋ ದಿಯಾನಾ ಎಂಬ ಗುಪ್ತ ನದಿ ಹರಿಯುತ್ತಿದೆಯೆಂದು ನಂಬಿ ಅವರು ಹುಡುಕಿದರು. ಅದನ್ನು ಕಂಡು ಫ್ಲಾರೆನ್ಸಿನ ಡಾಂಟೆ ತನ್ನ ಮಹಾಕಾವ್ಯದಲ್ಲೇ ಗೇಲಿ ಮಾಡಿದ. ನದಿ ಸಿಗಲಿಲ್ಲ. ಆದರೆ ನೀರಿಗಾಗಿ ಅಗೆದದ್ದು ವ್ಯರ್ಥವಾಗಲಿಲ್ಲ. ಇಂದು ಊರಿನ ಕೆಳಗೆ ಸುಮಾರು 25 ಕಿಲೋಮೀಟರ್ ಉದ್ದದ ಸುರಂಗಗಳ ಜಾಲವಿದೆ. ಅವುಗಳಿಗೆ ಬೊತ್ತೀನಿ ಎನ್ನುತ್ತಾರೆ.

ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ಅಡಿಕೆ ತೋಟಕ್ಕೆ ನೀರು ತರುವುದನ್ನು ನೋಡಿದವರಿಗೆ ಬೊತ್ತೀನಿಯ ಗುಟ್ಟು ಥಟ್ಟನೆ ಹೊಳೆಯುತ್ತದೆ. ಸಿಯೆನಾದ ದಿಬ್ಬಗಳಲ್ಲಿ ಮೇಲೆ ಮರಳುಗಲ್ಲು, ಅದರ ಕೆಳಗೆ ಜೇಡಿ. ಬಿದ್ದ ಮಳೆ ಮರಳುಗಲ್ಲಿನಲ್ಲಿ ಇಳಿದು ಜೇಡಿಯ ಮೇಲೆ ನಿಲ್ಲುತ್ತದೆ. ಆ ಮಟ್ಟದಲ್ಲಿ ಗುದ್ದಲಿಯಿಂದ ಸುರಂಗ ತೋಡಿದರೆ ಗೋಡೆಗಳಿಂದ ಜಿನುಗುವ ನೀರು ನೆಲದಲ್ಲಿ ಕಡಿದ ಸಣ್ಣ ಕಾಲುವೆಗೆ ಇಳಿಯುತ್ತದೆ. ಕಿಲೋಮೀಟರಿಗೆ ಒಂದು ಮೀಟರಿನಷ್ಟು ಮಾತ್ರ ಇಳಿಜಾರು. ಹೆಚ್ಚಾದರೆ ನೀರು ನೆಲವನ್ನು ಕೊರೆಯುತ್ತದೆ, ಕಡಿಮೆಯಾದರೆ ನಿಂತು ಕೆಡುತ್ತದೆ. ಮಧ್ಯಯುಗದ ಕೆಲಸಗಾರರು ಎಣ್ಣೆದೀಪದ ಬೆಳಕಿನಲ್ಲಿ ಈ ಲೆಕ್ಕ ಹಿಡಿದು ಕೊರೆದಿದ್ದಾರೆ. ಮುಂಚಿತವಾಗಿ ಕಾಯ್ದಿರಿಸಿದರೆ ಸಣ್ಣ ಗುಂಪುಗಳಲ್ಲಿ ಒಳಗೆ ಕರೆದೊಯ್ಯುತ್ತಾರೆ. ಮೇಲೆ ಬೆಂಕಿಯಂಥ ಬಿಸಿಲಿರುವಾಗ ಒಳಗೆ ಮೈ ನಡುಗುವಷ್ಟು ತಂಪು. ಮಕ್ಕಳಿದ್ದರೆ ಸಿಯೆನಾವನ್ನು ನೋಡುವುದನ್ನು ಇಲ್ಲಿಂದಲೇ ಶುರುಮಾಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಚರ್ಚು, ಗೋಪುರ, ಚಿತ್ರಗಳೆಲ್ಲ ಆಮೇಲೆ.

ಸುರಂಗದ ನೀರು ಹೊರಬರುವುದು ಕಾರಂಜಿಗಳಲ್ಲಿ. ಅವುಗಳಲ್ಲಿ ಫೋಂತೆಬ್ರಾಂದಾ ಬಹಳ ಹಳೆಯದು. 1246ರಲ್ಲಿ ಮರುಕಟ್ಟಿದ, ಇಟ್ಟಿಗೆಯ ಮೂರು ದೊಡ್ಡ ಕಮಾನುಗಳ ಕಟ್ಟಡ. ಇಲ್ಲಿ ನೀರು ಮೂರು ತೊಟ್ಟಿಗಳಲ್ಲಿ ಸಾಗುತ್ತಿತ್ತು. ಮೊದಲನೆಯದು ಕುಡಿಯಲು. ಅದು ತುಂಬಿ ಹರಿದದ್ದು ಎರಡನೆಯದಕ್ಕೆ, ದನ ಕುದುರೆಗಳಿಗೆ. ಅಲ್ಲಿಂದ ಮಿಕ್ಕಿದ್ದು ಬಟ್ಟೆ ಒಗೆಯಲು. ಅದಾದ ಮೇಲೂ ಉಳಿದ ನೀರು ಚರ್ಮ ಹದ ಮಾಡುವವರಿಗೂ ಬಣ್ಣ ಹಾಕುವವರಿಗೂ ಆಗುತ್ತಿತ್ತು. ಹಾಗಾಗಿಯೇ ಈ ಇಳಿಜಾರಿನಲ್ಲಿ ಬಣ್ಣಗಾರರ ಮನೆಗಳು ಬೆಳೆದವು. ಅಂಥ ಒಬ್ಬ ಬಣ್ಣಗಾರನ ಮಗಳು 1347ರಲ್ಲಿ ಹುಟ್ಟಿದ ಕ್ಯಾಥರೀನ್. ಓದುಬರಹದ ಮನೆತನದವಳಲ್ಲದ ಈಕೆ ಪೋಪರಿಗೇ ಪತ್ರ ಬರೆಸಿ ಬುದ್ಧಿ ಹೇಳಿದಳು, ಮುಂದೆ ಸಂತಳಾದಳು, ಇಟಲಿಗೇ ರಕ್ಷಕ ಸಂತಳೆನಿಸಿದಳು. ಅವಳ ಮನೆ ಈಗಲೂ ಕಾರಂಜಿಗಿಂತ ಸ್ವಲ್ಪ ಮೇಲಿದೆ.

ನಾವು ಬೇಸಿಗೆ ರಜೆಗೆ ಬಾಡಿಗೆ ಹಿಡಿದ ಮನೆಯೂ ಅದೇ ಇಳಿಜಾರಿನಲ್ಲಿತ್ತು. ಅಮ್ಮ, ನಾವಿಬ್ಬರು, ಇಬ್ಬರು ಮಕ್ಕಳು. ಫ್ಲಾರೆನ್ಸಿನಿಂದ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಮರಳುವವರೇ ಇಲ್ಲಿ ಹೆಚ್ಚು. ಅವರಿಗೆ ಸಿಗುವುದು ಊರಿನ ಅತಿ ಸುಡುವ ಹೊತ್ತು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಗಳು ಬಾಗಿಲು ಹಾಕುತ್ತವೆ, ಕಿಟಕಿಗಳ ಹಲಗೆ ಪಟ್ಟಿಗಳು ಮುಚ್ಚಿಕೊಳ್ಳುತ್ತವೆ, ಇಟ್ಟಿಗೆ ಗೋಡೆಗಳು ಕಾವು ಉಗುಳುತ್ತವೆ. ಉಷ್ಣಾಂಶ 35 ಡಿಗ್ರಿ ದಾಟುವ ದಿನಗಳೂ ಉಂಟು. ಊರು ನಿಜವಾಗಿ ಎದ್ದು ಓಡಾಡುವುದು ಬೆಳಿಗ್ಗೆ ಹತ್ತರೊಳಗೆ ಮತ್ತು ಸಂಜೆ ಆರರ ನಂತರ. ಉಳಿದುಕೊಂಡವರಿಗಷ್ಟೇ ಅದು ದಕ್ಕುತ್ತದೆ. ಅಡುಗೆಮನೆ ಇರುವ ಮನೆಯೇ ಬೇಕೆಂದು ನಾವು ಹಟ ಹಿಡಿದದ್ದು ಅಮ್ಮನ ಸಾರು ಅನ್ನಕ್ಕಾಗಿ. ಆದರೆ ಅದರಿಂದ ಆದ ದೊಡ್ಡ ಲಾಭ ಈ ಮಧ್ಯಾಹ್ನಗಳು. ಹೊರಗಿನ ಬಿಸಿಲಿನಲ್ಲಿ ಅಲೆಯುವ ಬದಲು ಊರವರಂತೆ ನಾವೂ ಕಿಟಕಿ ಮುಚ್ಚಿ ಮಲಗಿದೆವು.

ವಯಸ್ಸಾದವರನ್ನು ಕರೆದೊಯ್ಯುವವರಿಗೆ ಒಂದು ಮಾತು. ಸಿಯೆನಾದ ಬೀದಿಗಳೆಲ್ಲ ಏರು, ಇಲ್ಲವೇ ಇಳಿಜಾರು. ರೈಲು ನಿಲ್ದಾಣ ದಿಬ್ಬದ ಬುಡದಲ್ಲಿದೆ. ಹಳೆಯ ಊರಿನೊಳಗೆ 1960ರ ದಶಕದಲ್ಲೇ ವಾಹನಗಳಿಗೆ ನಿರ್ಬಂಧ ಹಾಕಿದರು. ಅಂಥ ಹೆಜ್ಜೆಯಿಟ್ಟ ಇಟಲಿಯ ಮೊದಲ ಊರುಗಳಲ್ಲಿ ಇದೂ ಒಂದು. ಬಾಡಿಗೆ ಕಾರಿನಲ್ಲಿ ಗೊತ್ತಿಲ್ಲದೆ ಒಳಗೆ ನುಗ್ಗಿದರೆ ಕ್ಯಾಮೆರಾ ಹಿಡಿಯುತ್ತದೆ, ದಂಡದ ಚೀಟಿ ಮನೆಗೆ ಬರುತ್ತದೆ. ಆದರೆ ನಿಲ್ದಾಣದಿಂದ ಮೇಲಕ್ಕೂ, ಫೋಂತೆಬ್ರಾಂದಾದಿಂದ ದೊಡ್ಡ ಚರ್ಚಿನ ಕಡೆಗೂ ಎಸ್ಕಲೇಟರುಗಳಿವೆ. ಮೊಣಕಾಲು ನೋವಿರುವ ಅಮ್ಮ ಅವುಗಳನ್ನು ಹುಡುಕಿಕೊಂಡ ಮೇಲೆ ನಮಗಿಂತ ಮೊದಲೇ ಮೇಲಿರುತ್ತಿದ್ದರು.

ಊಟದ ಚಿಂತೆ ಸಸ್ಯಾಹಾರಿಗಳಿಗೆ ಅಷ್ಟೇನೂ ಬೇಡ. ಇಲ್ಲಿಯ ಪೀಚಿ ಎಂಬ ದಪ್ಪ ಶಾವಿಗೆಯನ್ನು ಕೈಯಲ್ಲೇ ಹೊಸೆಯುತ್ತಾರೆ. ಟೊಮೆಟೊ, ಬೆಳ್ಳುಳ್ಳಿಯ ಗೊಜ್ಜಿನಲ್ಲಿ ಕಲಸಿ ಕೊಡುತ್ತಾರೆ. ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಮೊದಲ ದಿನ ಸಪ್ಪೆ ಅನಿಸುತ್ತದೆ. ಒಣಗಿದ ಅದೇ ಬ್ರೆಡ್ಡನ್ನು ನೆನೆಸಿ ಟೊಮೆಟೊ, ಈರುಳ್ಳಿ, ತುಳಸಿಯ ಜಾತಿಯ ಸೊಪ್ಪಿನೊಂದಿಗೆ ಕಲಸಿದ ಪಾಂತ್ಸನೆಲ್ಲಾ ಬೇಸಿಗೆಗೆ ಬಹಳ ಹಿತ. ಊರಿನ ಹೆಸರುವಾಸಿ ಸಿಹಿ ಪಾನ್‌ಫೋರ್ತೆ. ಬಾದಾಮಿ, ಜೇನು, ಸಕ್ಕರೆಯಲ್ಲಿ ಪಾಕಗೊಳಿಸಿದ ಹಣ್ಣು, ಮಸಾಲೆ. ಇದರ ಹಳೆಯ ಬಗೆಯಲ್ಲಿ ಕರಿಮೆಣಸು ಖಾರವಾಗಿ ನಾಲಿಗೆಗೆ ಹತ್ತುತ್ತದೆ. ಆ ಕಾಲದಲ್ಲಿ ಮೆಣಸು ಹಡಗು ಹತ್ತುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಲ್ಲಿ. ಬಂಗಾರದಂತೆ ತೂಗಿ ಮಾರುತ್ತಿದ್ದ ಆ ಸರಕು ಇಲ್ಲಿ ಔಷಧಿ ಅಂಗಡಿಯವರ ಕೈಯಲ್ಲಿತ್ತು, ಹಾಗಾಗಿ ಈ ಸಿಹಿಯನ್ನೂ ಅವರೇ ಮಾಡುತ್ತಿದ್ದರು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಸಂಜೆ ಬಾಗಿಲು ತೆರೆದರೆ ಬೀದಿಯ ತುದಿಯಲ್ಲಿ ತಮಟೆಯ ಸದ್ದು. ಏಳೆಂಟು ವರ್ಷದ ಹುಡುಗರು ಕೊರಳಿಗೆ ಡೋಲು ಕಟ್ಟಿಕೊಂಡು ಒಂದೇ ಗತ್ತನ್ನು ಮತ್ತೆ ಮತ್ತೆ ಬಾರಿಸುತ್ತಿದ್ದರು. ಅವರಿಗಿಂತ ದೊಡ್ಡವರು ಧ್ವಜಗಳನ್ನು ಗಾಳಿಗೆ ಎಸೆದು ಹಿಡಿಯುವ ತಾಲೀಮು ಮಾಡುತ್ತಿದ್ದರು. ಎದುರು ಮನೆಯ ವೃದ್ಧೆಯೊಬ್ಬರು ಕುರ್ಚಿ ಹಾಕಿಕೊಂಡು ನೋಡುತ್ತಿದ್ದವರು ನನ್ನ ಮಗಳನ್ನು ಕರೆದು, “ನಿಂದು ಯಾವ ಕೊಂತ್ರಾದಾ ಮಗೂ?” ಎಂದು ಕೇಳಿದರು. ಮಗಳು ಭಾರತ ಎಂದಳು. ಅಜ್ಜಿ ತಲೆಯಾಡಿಸಿದರು. ಅದು ದೇಶದ ಹೆಸರು, ಕೊಂತ್ರಾದಾ ಯಾವುದು?

ಸಿಯೆನಾದ ಹಳೆಯ ಊರು 17 ಕೊಂತ್ರಾದಾಗಳಾಗಿ ಹಂಚಿಹೋಗಿದೆ. ಕೇರಿ ಎಂದುಕೊಳ್ಳಿ. ಹೆಬ್ಬಾತು, ಕಂಬಳಿಹುಳು, ಬಸವನಹುಳು, ಗೂಬೆ, ಜಿರಾಫೆ, ಮುಳ್ಳುಹಂದಿ, ಆಮೆ, ಅಲೆ, ಗೋಪುರ, ತೋಳ ಹೀಗೆ ಒಂದೊಂದಕ್ಕೂ ಒಂದು ಹೆಸರು, ಅದರದೇ ಬಣ್ಣ, ಧ್ವಜ. ಇವುಗಳ ಗಡಿಯನ್ನು 1729ರಲ್ಲಿ ಊರಿನ ಆಡಳಿತ ನೋಡುತ್ತಿದ್ದ ಬವೇರಿಯಾದ ರಾಜಕುಮಾರಿ ವಿಯೊಲಾಂತೆ ಬಿಯಾತ್ರಿಚೆ ಬೀದಿ ಬೀದಿ ಹೆಸರಿಸಿ ಗೊತ್ತುಮಾಡಿದಳು. ಇಂದಿಗೂ ಅದೇ ಗಡಿ. ಮನೆಗಳ ಮೂಲೆಯಲ್ಲಿ ತಲೆಯೆತ್ತಿದರೆ ಪುಟ್ಟ ಫಲಕ ಕಾಣುತ್ತದೆ; ರಸ್ತೆಯ ಈಚೆಗೆ ಹೆಬ್ಬಾತು, ಆಚೆಗೆ ಬೇರೆ ಪ್ರಾಣಿ. ಪ್ರತಿಯೊಂದಕ್ಕೂ ತನ್ನದೇ ಪುಟ್ಟ ಚರ್ಚು, ವಸ್ತುಸಂಗ್ರಹಾಲಯ, ಊಟಕ್ಕೆ ಕೂಟಕ್ಕೆ ಸೇರುವ ಭವನ, ಕುದುರೆ ಲಾಯ ಇವೆ. ಒಂದು ಕಾರಂಜಿಯೂ ಉಂಟು. ಮಗು ಹುಟ್ಟಿದರೆ ಚರ್ಚಿನ ದೀಕ್ಷೆ ಬೇರೆ, ಕೊಂತ್ರಾದಾದ ದೀಕ್ಷೆ ಬೇರೆ. ವರ್ಷಕ್ಕೊಮ್ಮೆ ಕೇರಿಯ ಹಬ್ಬದ ದಿನ ಕಾರಂಜಿಯ ನೀರನ್ನು ಮಗುವಿನ ತಲೆಗೆ ತಳಿದು, ಕೊರಳಿಗೆ ಕೇರಿಯ ಬಣ್ಣದ ರೇಷ್ಮೆ ವಸ್ತ್ರ ಕಟ್ಟುತ್ತಾರೆ. ನೆಲದಡಿ ಅಷ್ಟು ಕಷ್ಟಪಟ್ಟು ತಂದ ನೀರು ಇಲ್ಲಿ ಮನುಷ್ಯನನ್ನು ಊರಿಗೆ ಸೇರಿಸುತ್ತದೆ. ಇದನ್ನು ತಿಳಿದ ಮೇಲೆ ಕಾರಂಜಿಗಳನ್ನು ಬರಿಯ ಶಿಲ್ಪವಾಗಿ ನೋಡಲು ನನ್ನಿಂದಾಗಲಿಲ್ಲ.

ಈಗ ಎಷ್ಟೋ ಮನೆಮಂದಿ ಗೋಡೆಯ ಹೊರಗಿನ ಹೊಸ ಬಡಾವಣೆಗಳಲ್ಲಿದ್ದಾರೆ. ಹಳೆಯ ಊರಿನಲ್ಲಿ ಬಾಡಿಗೆ ದುಬಾರಿ. ನಮ್ಮಂಥ ಬೇಸಿಗೆ ಬಾಡಿಗೆದಾರರೂ ಆ ದುಬಾರಿತನಕ್ಕೆ ಒಂದು ಕಾರಣವೆನ್ನುವುದನ್ನು ಮರೆಮಾಚಬಾರದು. ಆದರೂ ಮಕ್ಕಳು ತಂದೆತಾಯಿಯ ಕೊಂತ್ರಾದಾಕ್ಕೇ ಸೇರುತ್ತಾರೆ, ಸಂಜೆಗೆ ಅಲ್ಲಿಗೇ ಬರುತ್ತಾರೆ. ರಕ್ತದಾನಿಗಳ ಗುಂಪು, ಒಂಟಿ ಮುದುಕರನ್ನು ವಿಚಾರಿಸಿಕೊಳ್ಳುವುದು, ಹೆಂಗಸರು ಸೇರಿ ಮಾಡುವ ಸಾಮೂಹಿಕ ಅಡುಗೆ, ಮಕ್ಕಳ ಆಟದ ಮೇಳ ಎಲ್ಲವೂ ಕೊಂತ್ರಾದಾದ ಲೆಕ್ಕದಲ್ಲೇ ನಡೆಯುತ್ತವೆ. ಡಾಕ್ಟರೂ ಗಾರೆಯವನೂ ಒಂದೇ ಮೇಜಿನಲ್ಲಿ ಕುಳಿತು ಏಕವಚನದಲ್ಲಿ ಮಾತಾಡುತ್ತಾರೆ.

ಈ ಎಲ್ಲದರ ಕುದಿಬಿಂದು ಪಾಲಿಯೊ. ಜುಲೈ 2 ಮತ್ತು ಆಗಸ್ಟ್ 16ರಂದು, ಎರಡೂ ಮೇರಿಮಾತೆಯ ಹಬ್ಬಕ್ಕೆ ಹೊಂದಿಕೊಂಡು, ಕಾಂಪೊ ಎಂಬ ಊರ ಚೌಕದಲ್ಲಿ ನಡೆಯುವ ಕುದುರೆ ಓಟ. ಕಾಂಪೊ ಕಪ್ಪೆಚಿಪ್ಪಿನಾಕಾರದ ಇಳಿಜಾರು. ಅದರ ಇಟ್ಟಿಗೆ ಹಾಸನ್ನು ಬಿಳಿಗಲ್ಲಿನ ಪಟ್ಟಿಗಳು ಒಂಬತ್ತು ಭಾಗ ಮಾಡುತ್ತವೆ. 1287ರಿಂದ 1355ರವರೆಗೆ ಊರನ್ನಾಳಿದ ಒಂಬತ್ತು ಜನರ ಸಭೆಯ ಗುರುತು ಅದು. ಓಟಕ್ಕೆ ಮುಂಚೆ ಚೌಕದ ಅಂಚಿಗೆ ಹಳದಿ ಮಣ್ಣು ಸುರಿದು ಗಟ್ಟಿಮಾಡುತ್ತಾರೆ. ಮೊದಲ ಮಣ್ಣಿನ ಬಂಡಿ ಬಂದಾಗ ಊರವರು ಓಡಿಬಂದು ಆ ಮಣ್ಣನ್ನು ಕೈಯಲ್ಲಿ ಮುಟ್ಟುತ್ತಾರೆ.

17ರಲ್ಲಿ 10 ಕೇರಿಗಳಿಗಷ್ಟೇ ಒಮ್ಮೆ ಅವಕಾಶ. ಹಿಂದಿನ ವರ್ಷ ಅದೇ ಓಟದಲ್ಲಿ ಇಲ್ಲದಿದ್ದ ಏಳು ಕೇರಿಗಳಿಗೆ ಹಕ್ಕಿನಿಂದ, ಉಳಿದ ಮೂರಕ್ಕೆ ಚೀಟಿಯೆತ್ತಿ. ಯಾವ ಕುದುರೆ ಯಾರಿಗೆ ಎನ್ನುವುದನ್ನೂ ಓಟಕ್ಕೆ ಮೂರು ದಿನ ಮುಂಚೆ ಚೀಟಿಯೆತ್ತಿಯೇ ತೀರ್ಮಾನಿಸುತ್ತಾರೆ. ಹಣವಿದ್ದವರು ಒಳ್ಳೆಯ ಕುದುರೆ ಕೊಳ್ಳುವ ದಾರಿಯೇ ಇಲ್ಲ. ಹಣಕ್ಕೆ ಸಿಗುವುದು ಸವಾರ ಮಾತ್ರ. ಅವನು ಹೊರಗಿನವನು, ಕೂಲಿಗೆ ಬರುವವನು. ಅದಕ್ಕೇ ಅವನನ್ನು ಯಾರೂ ಪೂರ್ತಿ ನಂಬುವುದಿಲ್ಲ. ಕೇರಿ ಕೇರಿಗಳ ನಡುವೆ ಗುಟ್ಟಿನ ಒಪ್ಪಂದಗಳು ಕೊನೆಯ ಗಳಿಗೆಯವರೆಗೂ ನಡೆಯುತ್ತವೆ, ಅದು ನಿಯಮಭಂಗವೂ ಅಲ್ಲ. ತಾನು ಗೆಲ್ಲಲಾಗದಿದ್ದರೆ ವೈರಿ ಕೇರಿ ಗೆಲ್ಲದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. ಆಮೆಗೆ ಬಸವನಹುಳು ವೈರಿ, ತೋಳಕ್ಕೆ ಮುಳ್ಳುಹಂದಿ, ನಾವಿದ್ದ ಹೆಬ್ಬಾತಿಗೆ ಗೋಪುರ. ವೈರಿ ಕೇರಿಗಳ ಗಂಡು ಹೆಣ್ಣು ಮದುವೆಯಾಗಿದ್ದರೆ ಆ ನಾಲ್ಕು ದಿನ ಇಬ್ಬರೂ ತಂತಮ್ಮ ತವರಿಗೆ ಹೋಗಿಬಿಡುತ್ತಾರೆಂದು ಎದುರು ಮನೆಯ ಅಜ್ಜಿ ಹೇಳಿದರು.

ಓಟದ ದಿನ ಮಧ್ಯಾಹ್ನ ಕುದುರೆಯನ್ನು ಕೇರಿಯ ಚರ್ಚಿನೊಳಗೇ ಕರೆತರುತ್ತಾರೆ. ಪಾದ್ರಿ ಆಶೀರ್ವದಿಸಿ, ಹೋಗು, ಗೆದ್ದು ಬಾ ಎಂದು ಅದಕ್ಕೇ ಹೇಳುತ್ತಾರೆ. ಆಮೇಲೆ ಮಧ್ಯಯುಗದ ವೇಷಭೂಷಣದ ದೀರ್ಘ ಮೆರವಣಿಗೆ. ಕೊನೆಗೆ ಒಂಬತ್ತು ಕುದುರೆಗಳು ಎರಡು ಹಗ್ಗಗಳ ನಡುವೆ ಸಾಲುಗಟ್ಟಬೇಕು. ಹತ್ತನೆಯದು ಹಿಂದಿನಿಂದ ಓಡಿಬಂದ ಕ್ಷಣವೇ ಓಟದ ಆರಂಭ. ಈ ಹತ್ತನೆಯ ಸವಾರ ತನಗೆ ಅನುಕೂಲವಾಗುವವರೆಗೆ ಕಾಯುತ್ತಲೇ ಇರಬಹುದು. ಒಂದು ಗಂಟೆ ದಾಟಿದ್ದೂ ಉಂಟು. ಓಟ ಮಾತ್ರ ಚೌಕಕ್ಕೆ ಮೂರು ಸುತ್ತು, ಸುಮಾರು ಒಂದೂಕಾಲು ನಿಮಿಷ. ಜೀನಿಲ್ಲದ ಬರಿಬೆನ್ನಿನ ಸವಾರಿ. ಸವಾರ ಬಿದ್ದರೂ ಕುದುರೆ ಮೊದಲು ಮುಟ್ಟಿದರೆ ಗೆಲುವು ಆ ಕೇರಿಯದೇ. ಬಹುಮಾನ ರೇಷ್ಮೆಯ ಒಂದು ಚಿತ್ರಪಟ, ಹಣವಿಲ್ಲ. ಗೆದ್ದವರು ಕೊಟ್ಟ ಮಾತುಗಳನ್ನೆಲ್ಲ ತೀರಿಸುವಾಗ ಖರ್ಚೇ ಹೆಚ್ಚು.

ಕುದುರೆಗಳ ವಿಚಾರದಲ್ಲಿ ನನ್ನ ಮನಸ್ಸು ಇನ್ನೂ ಒಂದು ಕಡೆ ನಿಂತಿಲ್ಲ. ಸಾನ್ ಮಾರ್ತಿನೊ ಎಂಬ ತಿರುವು ಇಳಿಜಾರಿನಲ್ಲಿ ಚೂಪಾಗಿ ತಿರುಗುತ್ತದೆ. ಅಲ್ಲಿ ಕುದುರೆಗಳು ಬಿದ್ದಿವೆ, ಸತ್ತಿವೆ. ಇಟಲಿಯ ಪ್ರಾಣಿದಯಾ ಸಂಘಟನೆಗಳು ವರ್ಷಗಳಿಂದ ಪಾಲಿಯೊವನ್ನು ವಿರೋಧಿಸುತ್ತ ಬಂದಿವೆ. ಊರಿನವರು ತಿರುವಿಗೆ ದಪ್ಪ ಮೆತ್ತೆಯ ತಡೆಗೋಡೆ ಕಟ್ಟಿದ್ದಾರೆ, ಸೂಕ್ಷ್ಮ ಕಾಲಿನ ಥರೋಬ್ರೆಡ್ ಕುದುರೆಗಳನ್ನು ಬಿಟ್ಟು ಮಿಶ್ರತಳಿಯವನ್ನಷ್ಟೇ ಓಡಿಸುತ್ತಾರೆ, ಪಶುವೈದ್ಯರ ತಪಾಸಣೆ ಬಿಗಿಮಾಡಿದ್ದಾರೆ. ಆ ನಾಲ್ಕು ದಿನ ಕುದುರೆಗೆ ಸಿಗುವ ಆರೈಕೆಯನ್ನೂ ಕಣ್ಣಾರೆ ಕಂಡೆ. ಲಾಯದ ಬೀದಿಯಲ್ಲಿ ದೊಡ್ಡವರೂ ದನಿ ತಗ್ಗಿಸಿ ನಡೆಯುತ್ತಾರೆ. ಆದರೂ ಅಪಾಯ ಉಳಿದೇ ಇದೆ, ಆ ಅಪಾಯವನ್ನು ಕುದುರೆ ಆರಿಸಿಕೊಂಡದ್ದಲ್ಲ. ನನ್ನ ಮಗಳು ಇದನ್ನೇ ಕೇಳಿದಳು. ಒಳ್ಳೆಯ ಪ್ರಶ್ನೆಯೆಂದು ಒಪ್ಪಿಕೊಂಡೆ.

ಮಕ್ಕಳೊಂದಿಗೆ ಹೋಗುವವರು ಓಟದ ಸಂಜೆಗಿಂತ ಅದಕ್ಕೆ ಮುಂಚಿನ ತಾಲೀಮು ಓಟಗಳನ್ನು ನೋಡುವುದು ಮೇಲು. ಆರು ತಾಲೀಮುಗಳಿರುತ್ತವೆ, ಬೆಳಿಗ್ಗೆ ಮತ್ತು ಸಂಜೆ. ಓಟದ ದಿನ ಚೌಕದ ನಡುಭಾಗಕ್ಕೆ ಪ್ರವೇಶ ಉಚಿತ, ನಿಜ. ಆದರೆ ಗಂಟೆಗಟ್ಟಲೆ ಬಿಸಿಲಿನಲ್ಲಿ ಜನಸಂದಣಿಯ ನಡುವೆ ನಿಲ್ಲಬೇಕು, ಶೌಚಾಲಯಕ್ಕೆ ಹೋಗುವುದೂ ಕಷ್ಟ. ತಾಲೀಮಿನಲ್ಲಾದರೆ ಕೇರಿಗಳ ಮಕ್ಕಳು ಪುರಭವನದ ಮುಂದಿನ ಅಟ್ಟಣಿಗೆಯಲ್ಲಿ ಕುಳಿತು ತಮ್ಮ ಕೇರಿಯ ಹಾಡನ್ನು ಗಂಟಲು ಹರಿಯುವಂತೆ ಹಾಡುತ್ತಾರೆ. ಓಟದ ಹಿಂದಿನ ರಾತ್ರಿ ಬೀದಿಯುದ್ದಕ್ಕೂ ಮೇಜು ಹಾಕಿ ಊಟ. ಹರೆಯದ ಹುಡುಗ ಹುಡುಗಿಯರೇ ಬಡಿಸುವವರು. ಟಿಕೆಟ್ ಕೊಂಡರೆ ಹೊರಗಿನವರಿಗೂ ಕೆಲವು ಕೇರಿಗಳಲ್ಲಿ ಜಾಗ ಸಿಗುತ್ತದೆ. ಎದುರು ಮನೆಯ ಅಜ್ಜಿ ಅಮ್ಮನನ್ನು ಸಿನ್ಯೋರಾ ಎಂದು ಕರೆದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಇಬ್ಬರೂ ಊಟ ಮುಗಿಯುವವರೆಗೂ ಮಾತಾಡಿದರು.

ಹಗಲಿನ ಕಾವಿಗೆ ತಪ್ಪಿಸಿಕೊಳ್ಳಲು ಒಳ್ಳೆಯ ಜಾಗ ದೊಡ್ಡ ಚರ್ಚಿನ ಎದುರಿನ ಸಾಂತಾ ಮರಿಯಾ ದೆಲ್ಲಾ ಸ್ಕಾಲಾ. ರೋಮಿಗೆ ಹೋಗುವ ಯಾತ್ರಿಕರಿಗಾಗಿ ಮಧ್ಯಯುಗದಲ್ಲಿ ಶುರುವಾದ ಈ ಆಸ್ಪತ್ರೆ 20ನೇ ಶತಮಾನದ ಕೊನೆಯ ದಶಕಗಳವರೆಗೂ ರೋಗಿಗಳನ್ನು ನೋಡಿತು. ಕಥೆಗಾರ ಇಟಾಲೊ ಕಾಲ್ವಿನೊ 1985ರ ಸೆಪ್ಟೆಂಬರಿನಲ್ಲಿ ತೀರಿಕೊಂಡದ್ದು ಇಲ್ಲಿ. ಈಗ ಇದು ವಸ್ತುಸಂಗ್ರಹಾಲಯ. ಇದರ ದೊಡ್ಡ ವಾರ್ಡಿನ ಗೋಡೆಗಳ ಮೇಲೆ 1440ರ ದಶಕದಲ್ಲಿ ದೊಮೆನಿಕೊ ದಿ ಬಾರ್ತೊಲೊ ಬರೆದ ಚಿತ್ರಗಳಲ್ಲಿ ದೇವದೂತರಿಗಿಂತ ಆಸ್ಪತ್ರೆಯ ನಿತ್ಯದ ಕೆಲಸವೇ ತುಂಬಿದೆ. ಗಾಯಾಳುವಿನ ಕಾಲು ತೊಳೆಯುತ್ತಿದ್ದಾರೆ, ಬಡವರಿಗೆ ಬ್ರೆಡ್ ಹಂಚುತ್ತಿದ್ದಾರೆ. ಒಂದು ಚಿತ್ರದಲ್ಲಿ ಬಾಗಿಲಲ್ಲಿ ಬಿಟ್ಟುಹೋದ ಕೂಸುಗಳನ್ನು ಎತ್ತಿಕೊಳ್ಳುತ್ತಾರೆ, ಹಾಲೂಡುತ್ತಾರೆ, ಓದು ಕಲಿಸುತ್ತಾರೆ, ಆ ಹೆಣ್ಣುಮಗಳು ಬೆಳೆದಾಗ ಬಳುವಳಿ ಕೊಟ್ಟು ಮದುವೆ ಮಾಡುತ್ತಾರೆ. ಯಾರೂ ಇಲ್ಲದ ಕೂಸಿಗೆ ಊರೇ ತವರಾದ ಕಥೆ ಅದು. ಅಮ್ಮ ಇಲ್ಲಿ ನಿಂತಷ್ಟು ಹೊತ್ತು ಬೇರೆಲ್ಲೂ ನಿಲ್ಲಲಿಲ್ಲ.

ಆ ಊರೇ ಒಮ್ಮೆ ಕುಸಿದುಬಿತ್ತು. ಸುಮಾರು 50,000 ಜನರಿದ್ದರೆಂದು ಅಂದಾಜಿಸುವ ಸಿಯೆನಾಕ್ಕೆ 1348ರಲ್ಲಿ ಪ್ಲೇಗು ಬಂತು. ಊರಿನ ಚರಿತ್ರೆ ಬರೆದ ಆನ್ಯೋಲೊ ದಿ ತೂರಾ ತನ್ನ ಐವರು ಮಕ್ಕಳನ್ನು ತನ್ನ ಕೈಯಾರೆ ಹೂಳಿದ್ದಾಗಿ ಬರೆದಿಟ್ಟಿದ್ದಾನೆ. ಕ್ರೈಸ್ತಲೋಕದಲ್ಲೇ ದೊಡ್ಡದಾಗಲೆಂದು 1339ರಲ್ಲಿ ಕೈಹಾಕಿದ್ದ ಚರ್ಚಿನ ವಿಸ್ತರಣೆ ಅಲ್ಲಿಗೇ ನಿಂತಿತು. ಚಾವಣಿಯಿಲ್ಲದ ಅದರ ಮಹಾಗೋಡೆ ಇಂದಿಗೂ ಒಂಟಿಯಾಗಿ ನಿಂತಿದೆ, ಅದರ ಮೇಲೆ ಹತ್ತಿ ಊರನ್ನೆಲ್ಲ ನೋಡಬಹುದು.

ಪ್ಲೇಗಿಗೆ ಹತ್ತು ವರ್ಷ ಮುಂಚೆ, 1338–39ರಲ್ಲಿ, ಅಂಬ್ರೋಜೊ ಲೊರೆಂತ್ಸೆತ್ತಿ ಪುರಭವನದ ಒಳಕೋಣೆಯಲ್ಲಿ ಒಳ್ಳೆಯ ಆಡಳಿತ, ಕೆಟ್ಟ ಆಡಳಿತಗಳ ಫಲಗಳನ್ನು ಚಿತ್ರಿಸಿದ. ಅದು ಆ ಒಂಬತ್ತು ಜನರು ಕುಳಿತು ತೀರ್ಮಾನ ಮಾಡುತ್ತಿದ್ದ ಕೋಣೆ. ಎರಡು ತಿಂಗಳ ಅಧಿಕಾರಾವಧಿಯಲ್ಲಿ ಅವರು ಈ ಕಟ್ಟಡದೊಳಗೇ ಇರಬೇಕಿತ್ತು. ತಲೆಯೆತ್ತಿದರೆ ಗೋಡೆಯ ಮೇಲೆ ಅವರದೇ ಊರು: ಅಟ್ಟಣಿಗೆಯ ಮೇಲೆ ಕೆಲಸದಲ್ಲಿರುವ ಗಾರೆಯವರು, ಚಪ್ಪಲಿ ಅಂಗಡಿ, ಪಾಠ ಹೇಳುವ ಮೇಷ್ಟ್ರು, ಬೀದಿಯಲ್ಲಿ ಕೈಹಿಡಿದು ಕುಣಿಯುವವರು, ಹೊರಗೆ ಕೊಯ್ಲು. ಪಕ್ಕದ ಗೋಡೆಯಲ್ಲಿ 24 ಜನ ಪೌರರು ಒಂದೇ ಹಗ್ಗ ಹಿಡಿದು ನಡೆಯುತ್ತಾರೆ. ಆ ಹಗ್ಗ ನ್ಯಾಯದೇವತೆಯ ತಕ್ಕಡಿಯಿಂದ ಇಳಿದದ್ದು. ಅದನ್ನು ಅವರ ಕೈಗೆ ಕೊಡುವ ಐಕಮತ್ಯದ ದೇವತೆಯ ತೊಡೆಯ ಮೇಲೆ ಬಡಗಿಯ ಕೀಸುಳಿ ಇದೆ, ಏರುತಗ್ಗುಗಳನ್ನು ಸಮಮಾಡಲಿಕ್ಕೆ. ಎದುರಿನ ಗೋಡೆಯಲ್ಲಿ ಕೆಟ್ಟ ಆಡಳಿತದ ಊರು. ಅಂಗಡಿಗಳು ಬಾಗಿಲು ಹಾಕಿವೆ, ಹೊಲಗಳು ಬರಡಾಗಿವೆ. ಆಳುವವರ ಕಣ್ಣೆದುರು ರಾಜನ ಚಿತ್ರವಲ್ಲ, ಬೀದಿಯ ಚಿತ್ರವೇ ಇರಬೇಕೆಂದು ತೀರ್ಮಾನಿಸಿದ ಊರಿನ ಬಗ್ಗೆ ನನಗೆ ಅಪಾರ ಗೌರವ. 1555ರಲ್ಲಿ ಮುತ್ತಿಗೆಗೆ ಸೋತು ಈ ಗಣರಾಜ್ಯ ಕೊನೆಗೆ ಫ್ಲಾರೆನ್ಸಿನ ಮೆದಿಚಿಗಳ ಪಾಲಾಯಿತು. ರಾಜ್ಯ ಹೋದರೂ ಕೇರಿಗಳು ಉಳಿದವು, ಹಗ್ಗ ಹಿಡಿಯುವ ಅಭ್ಯಾಸ ಅವುಗಳಲ್ಲೇ ಮುಂದುವರಿಯಿತೆಂದು ನಾನು ತಿಳಿದಿದ್ದೇನೆ.

ಪಾಲಿಯೊ ನಿಂತದ್ದು ವಿರಳ. ಎರಡು ಮಹಾಯುದ್ಧಗಳಲ್ಲಿ ನಿಂತಿತ್ತು. ಕೊರೊನಾದಿಂದಾಗಿ 2020 ಮತ್ತು 2021ರಲ್ಲಿ ನಿಂತಿತ್ತು. ಅದು ಪ್ರವಾಸಿಗರಿಗಾಗಿ ಮಾಡುವ ಆಟವಲ್ಲ ಎಂಬುದು ತಿಳಿಯಬೇಕಾದರೆ ಎಲ್ಲರೂ ಮನೆಗೆ ಮರಳಿದ ಮೇಲೆ ನಡೆಯುವುದನ್ನು ಗಮನಿಸಬೇಕು. ಶರತ್ಕಾಲ ಬಂದು ಶಾಲೆಗಳು ತೆರೆದ ಹೊತ್ತಿಗೆ ಗೆದ್ದ ಕೇರಿ ತನ್ನ ಬೀದಿಗಳಲ್ಲಿ ವಿಜಯದ ಊಟ ಇಡುತ್ತದೆ. ಸಾವಿರಾರು ಜನ ಕೂರುವ ಆ ಪಂಕ್ತಿಯಲ್ಲಿ ಮುಖ್ಯ ಅತಿಥಿಯ ಜಾಗ ಕುದುರೆಗೆ. ಅದರ ಮುಂದೆ ಅದರದೇ ಮೇವಿನ ತೊಟ್ಟಿ ಇಟ್ಟು, ಮೊದಲು ಅದು ತಿನ್ನಲೆಂದು ಎಲ್ಲರೂ ಕಾಯುತ್ತಾರೆ.